ಹಾರ್ಲೆಗೆ ಹೊಸದು ಮಾಡಲು ಬರುವುದಿಲ್ಲವೋ, ಮಾಡಿದ್ದನ್ನು ಉಳಿಸಿಕೊಳ್ಳಲು ಬರುವುದಿಲ್ಲವೋ?

ಮೂರನೇ ಗೇರ್

ಹಾರ್ಲೆ ಡೇವಿಡ್‌ಸನ್ ಮಾತು ಬಂದಾಗಲೆಲ್ಲ "ಮುದುಕರ ಬೈಕು, ಹೊಸದೇನೂ ಮಾಡಲು ಬರುವುದಿಲ್ಲ" ಎಂಬ ಒಂದೇ ರಾಗ ಕೇಳಿ ಸಾಕಾಗಿದೆ. ನನ್ನ ತಕರಾರು ಬೇರೆ. 1903ರಿಂದ ಮಿಲ್ವಾಕಿಯಲ್ಲಿ ಬೈಕು ಕಟ್ಟುತ್ತಿರುವ ಈ ಕಂಪನಿ ಹೊಸದನ್ನು ಮತ್ತೆ ಮತ್ತೆ ಮಾಡಿದೆ, ಹಲವು ಸಲ ಚೆನ್ನಾಗಿಯೇ ಮಾಡಿದೆ. ಆದರೆ ನೆಟ್ಟ ಸಸಿ ಬೇರು ಹಿಡಿಯುವ ಮುಂಚೆ ಕಿತ್ತು ನೋಡುವ ಚಾಳಿ ಅದಕ್ಕಿದೆ.

1970ರ ದಶಕದ ಕೊನೆಯಲ್ಲಿ ಜರ್ಮನಿಯ ಕಾರು ಕಂಪನಿ ಪೋರ್ಷೆಯ ಎಂಜಿನಿಯರುಗಳನ್ನು ಜೊತೆಗಿಟ್ಟುಕೊಂಡು 'ನೋವಾ' ಎಂಬ ಯೋಜನೆ ಶುರು ಮಾಡಿದರು. ನೀರಿನಿಂದ ತಣಿಯುವ ನಾಲ್ಕು ಸಿಲಿಂಡರಿನ ವಿ ಎಂಜಿನ್. ಅದೇ ವಿನ್ಯಾಸದಿಂದ ಎರಡು ಮತ್ತು ಆರು ಸಿಲಿಂಡರಿನವನ್ನೂ ತೆಗೆಯುವ ಆಲೋಚನೆ. ಜಪಾನಿನ ಬೈಕು ಕಂಪನಿಗಳಿಗೆ ಆಗಲೇ ಉತ್ತರ ಕೊಡಬಹುದಿತ್ತು. ದುಡ್ಡಿಲ್ಲದೆ ಮೂಲೆ ಸೇರಿತು. 1993ರಲ್ಲಿ ಕ್ರೀಡಾ ಬೈಕು ಮಾಡುವ ಬ್ಯೂಯೆಲ್ ಕಂಪನಿಯ 49 ಪ್ರತಿಶತ ಪಾಲು ಕೊಂಡರು, ಆಮೇಲೆ ಪೂರ್ತಿಯಾಗಿ ಕೊಂಡರು, 2009ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿದರು. ಚೌಕಟ್ಟಿನೊಳಗೇ ಪೆಟ್ರೋಲು ತುಂಬುವಂತೆ ಬೈಕು ಕಟ್ಟಿದ ಎರಿಕ್ ಬ್ಯೂಯೆಲ್‌ನಂಥ ತಲೆ ಮನೆಯೊಳಗೇ ಇತ್ತು! 2001ರಲ್ಲಿ ಪೋರ್ಷೆ ಜೊತೆ ಮಾಡಿದ ಎಂಜಿನ್‌ನ ವಿ-ರಾಡ್ ಬೈಕು ಬಂತು, ಒಂಟಿಯಾಗಿಯೇ ಉಳಿಯಿತು. 2014ರಲ್ಲಿ ನಮ್ಮ ದೇಶದಲ್ಲೇ ಮಾಡಿ ಮಾರಿದ ಸ್ಟ್ರೀಟ್ 750, 2020ರಲ್ಲಿ ಹರಿಯಾಣದ ಬಾವಲ್ ಕಾರ್ಖಾನೆಯೊಂದಿಗೆ ಮುಗಿಯಿತು. 2019ರಲ್ಲಿ ಮಾರಾಟಕ್ಕೆ ಬಂದ ವಿದ್ಯುತ್ ಬೈಕು ಲೈವ್‌ವೈರ್‌ನ ಟ್ಯಾಂಕಿನ ಮೇಲಿದ್ದ ಹಾರ್ಲೆ ಹೆಸರು ಎರಡೇ ವರ್ಷದಲ್ಲಿ ಕಳಚಿತು. ಈಗ ಅದು ಬೇರೆಯೇ ಬ್ರ್ಯಾಂಡ್.

2006ರಲ್ಲಿ ಸುಮಾರು ಮೂರೂವರೆ ಲಕ್ಷ ಬೈಕು ಕಳಿಸುತ್ತಿದ್ದ ಕಂಪನಿ 2024ರ ಹೊತ್ತಿಗೆ ಒಂದೂವರೆ ಲಕ್ಷದ ಆಸುಪಾಸಿಗೆ ಇಳಿದಿದೆ. ಇದನ್ನು ಬರೀ ವಯಸ್ಸಾದ ಗಿರಾಕಿಗಳ ತಲೆಗೆ ಕಟ್ಟಿದರೆ ಆಯಿತೇ? ನಿಮ್ಮ ಅಭಿಪ್ರಾಯ ಬರೆಯಿರಿ.

ಸ್ಪ್ಯಾನರ್ ಹದಿನಾಲ್ಕು

ಪಟ್ಟಿ ಚೆನ್ನಾಗಿದೆ, ತೀರ್ಮಾನ ಒಪ್ಪುವುದಿಲ್ಲ. ವಿ-ರಾಡ್ ಅನ್ನು ಕಿತ್ತು ಎಸೆದರು ಎಂದರೆ ಹೇಗೆ? 2001ರಿಂದ 2017ರವರೆಗೆ ಮಾರಿದ್ದಾರೆ. ಹದಿನಾರು ವರ್ಷ ಕಾಯುವುದನ್ನು ಅವಸರ ಎನ್ನುವುದಿಲ್ಲ.

ಎಂಜಿನ್ ಬಿಚ್ಚಿ ನೋಡಿದವರಿಗೆ ನಿಜವಾದ ತೊಡಕು ಗೊತ್ತು. ಹಾರ್ಲೆಯ ಹಳೆಯ ಎಂಜಿನ್‌ನಲ್ಲಿ ಎರಡು ಸಿಲಿಂಡರುಗಳ ನಡುವೆ 45 ಡಿಗ್ರಿ ಕೋನ, ಎರಡೂ ಪಿಸ್ಟನ್‌ಗಳ ಕನೆಕ್ಟಿಂಗ್ ರಾಡ್‌ಗಳಿಗೆ ಕ್ರ್ಯಾಂಕಿನಲ್ಲಿ, ಅಂದರೆ ಪಿಸ್ಟನ್ ಏರಿಳಿದಂತೆ ತಿರುಗುವ ದಂಡದಲ್ಲಿ, ಒಂದೇ ಪಿನ್. ಹಾಗಾಗಿ ಒಂದು ಸಿಲಿಂಡರು ಉರಿದ ಮೇಲೆ ಇನ್ನೊಂದು ಉರಿಯುವುದಕ್ಕೆ ಕ್ರ್ಯಾಂಕ್ 315 ಡಿಗ್ರಿ ತಿರುಗಬೇಕು. ಅಲ್ಲಿಂದ ಮತ್ತೆ ಮೊದಲನೆಯದರ ಸರದಿ ಬರಲು 405 ಡಿಗ್ರಿ. ಈ ಹೆಚ್ಚು ಕಡಿಮೆಯೇ ಆ ಕುಂಟುವ ಸದ್ದು. ಐಡಲ್‌ನಲ್ಲಿ ನಿಂತ ಹಳೆಯ ಹಾರ್ಲೆಯ ಹ್ಯಾಂಡಲ್ ಹಿಡಿದರೆ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ. ಎಂಜಿನಿಯರನ ಕಣ್ಣಿಗೆ ಇದು ದೋಷ. ಗಿರಾಕಿ ದುಡ್ಡು ಕೊಡುವುದೇ ಈ ದೋಷಕ್ಕೆ. 1994ರಲ್ಲಿ ಕಂಪನಿ ಈ ಸದ್ದಿಗೇ ಟ್ರೇಡ್‌ಮಾರ್ಕ್ ಕೇಳಿ ಅರ್ಜಿ ಹಾಕಿತ್ತು, ಉಳಿದ ಕಂಪನಿಗಳು ತಕರಾರು ತೆಗೆದ ಮೇಲೆ 2000ದಲ್ಲಿ ಹಿಂದೆ ತೆಗೆದುಕೊಂಡಿತು.

ವಿ-ರಾಡ್‌ನಲ್ಲಿ ಪೋರ್ಷೆಯವರು 60 ಡಿಗ್ರಿ ಕೋನ ಇಟ್ಟರು, ರೇಡಿಯೇಟರ್ ಇಟ್ಟರು, 1130 ಸಿಸಿಯಲ್ಲಿ 115 ಅಶ್ವಶಕ್ತಿ ತೆಗೆದರು. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ ಹೋಯಿತು; ಮೇಲೆ ಟ್ಯಾಂಕಿನಂತೆ ಕಾಣುವುದು ಬರೀ ಮುಚ್ಚಳ, ಒಳಗೆ ಎಂಜಿನ್‌ಗೆ ಗಾಳಿ ಕೊಡುವ ಏರ್ ಬಾಕ್ಸ್. ಬೈಕು ಅಪ್ಪಟ ಚಿನ್ನ. ಆದರೆ ಹಾರ್ಲೆ ಬೇಕೆಂದವನಿಗೆ ಅದು ಹಾರ್ಲೆ ಅನ್ನಿಸಲಿಲ್ಲ, ಡುಕಾಟಿಯಂಥ ವೇಗದ ಬೈಕು ಬೇಕೆಂದವನು ಹಾರ್ಲೆ ಶೋರೂಂ ಮೆಟ್ಟಿಲು ಹತ್ತಲಿಲ್ಲ. ತಾಳ್ಮೆ ಎಷ್ಟಿದ್ದರೂ ಇದಕ್ಕೆ ಪರಿಹಾರವಿಲ್ಲ.

ಬುಲೆಟ್ ಭಕ್ತ

ಇಷ್ಟೆಲ್ಲ ಗಣಿತ ಯಾಕೆ? ಅಷ್ಟು ದುಡ್ಡಿಗೆ ಬೈಕು ಮಾರಿದರೆ ಯಾರು ಕೊಳ್ಳುತ್ತಾರೆ? 2018ರ ನವೆಂಬರ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಎರಡೂವರೆ ಲಕ್ಷಕ್ಕೆ ಬಂದ ದಿನವೇ ಸ್ಟ್ರೀಟ್ 750 ಕಥೆ ಮುಗಿಯಿತು. ನಾಲ್ಕು ಲಕ್ಷದ ಮೇಲೆ ಕೊಟ್ಟು ಬರೀ ಟ್ಯಾಂಕಿನ ಮೇಲಿನ ಹೆಸರು ತೆಗೆದುಕೊಳ್ಳಬೇಕೇ?

ಮೂರನೇ ಗೇರ್

ಸ್ಪ್ಯಾನರ್ ಅವರೇ, ಹದಿನಾರು ವರ್ಷ ಇಟ್ಟುಕೊಂಡರು ಎನ್ನುತ್ತೀರಿ, ಬೆಳೆಸಿದರೇ? ಆ ಎಂಜಿನ್ ಒಂದೇ ಒಂದು ದೂರಪ್ರಯಾಣದ ಬೈಕಿಗೆ ಬರಲಿಲ್ಲ. ಹಾರ್ಲೆಯ ದೊಡ್ಡ ವ್ಯಾಪಾರ ಇರುವುದೇ ಆ ಟೂರಿಂಗ್ ಬೈಕುಗಳಲ್ಲಿ. ಸ್ವಂತ ಮನೆಯ ಬ್ಯೂಯೆಲ್ ಹೊಸ ಕ್ರೀಡಾ ಬೈಕು 1125ಆರ್ ಮಾಡಲು ಹೊರಟಾಗ ಎಂಜಿನ್ ಎಲ್ಲಿಂದ ತಂದಿತು? ಆಸ್ಟ್ರಿಯಾದ ರೋಟ್ಯಾಕ್ಸ್‌ನಿಂದ. ಪಕ್ಕದ ಕೋಣೆಯಲ್ಲಿ ಪೋರ್ಷೆ ಕೈಚಳಕದ ಎಂಜಿನ್ ಇದೆ, ಇವರು ಸಮುದ್ರದಾಚೆ ಹೋಗಿ ಬೇರೊಂದನ್ನು ಕೊಂಡು ತರುತ್ತಾರೆ. ಇದಕ್ಕೆ ಗಿರಾಕಿಯ ಕಿವಿಯನ್ನು ದೂರಬೇಡಿ.

ಯಾದವಗಿರಿ

ಮೈಸೂರಿನವನಾಗಿ ಒಂದು ಮಾತು ಸೇರಿಸುತ್ತೇನೆ. ಎಳೆ ತಪ್ಪಿತು ಅನ್ನಿಸಿದರೆ ಕ್ಷಮಿಸಿ.

ನಮ್ಮ ಊರಿನ ಐಡಿಯಲ್ ಜಾವಾ ಇದೇ ಗುಂಡಿಗೆ ಬಿದ್ದದ್ದು. 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಪರವಾನಗಿಯಲ್ಲಿ ಶುರುವಾಗಿ, ಆಮೇಲೆ ಯೆಜ್ಡಿ ಎಂಬ ಸ್ವಂತ ಹೆಸರಿನಲ್ಲಿ ಮಾರಿದ ಕಾರ್ಖಾನೆ. ಓಡಿಸದವರಿಗೆ ಹೇಳುತ್ತೇನೆ: ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇರಲಿಲ್ಲ. ಇದ್ದ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ತಳ್ಳಿದರೆ ಗೇರ್. ಹೊಸಬರು ಬೇರೆಯವರ ಗಾಡಿ ತೆಗೆಯಲು ಹೋಗಿ ಬಲಗಡೆ ಕಿಕ್ಕರ್ ಹುಡುಕುತ್ತಾ ನಿಲ್ಲುತ್ತಿದ್ದರು. ಅಂಥ ವಿನ್ಯಾಸಕ್ಕೆ ಮನಸೋತ ನಾವೆಲ್ಲ ಅದನ್ನು ಬದಲಿಸಬೇಡಿ ಎಂದೇ ಹೇಳುತ್ತಿದ್ದೆವು. 1980ರ ದಶಕದಲ್ಲಿ 350 ಸಿಸಿಯ ಎರಡು ಸಿಲಿಂಡರಿನ ಬೈಕನ್ನೂ ಮಾಡಿ ನೋಡಿದರು. ದುಬಾರಿ, ಪೆಟ್ರೋಲು ಕುಡಿಯುವುದೂ ಜಾಸ್ತಿ. ಅದೇ ಹೊತ್ತಿಗೆ ಜಪಾನೀ ಸಹಯೋಗದ ನೂರು ಸಿಸಿ ಗಾಡಿಗಳು ಬಂದವು; 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಮಧ್ಯಮ ವರ್ಗದ ಲೆಕ್ಕಾಚಾರವೇ ಬದಲಾಯಿತು. 1996ರಲ್ಲಿ ನಮ್ಮ ಕಾರ್ಖಾನೆ ಮುಚ್ಚಿತು.

ಅಭಿಮಾನಿಗಳಿಗೆ ಕಂಪನಿಯ ಮೇಲೆ ಪ್ರೀತಿ ಇರುತ್ತದೆ. ಹೊಸ ಬೈಕು ಕೊಳ್ಳುವುದು ಮಾತ್ರ ಕಡಿಮೆ. ಇದ್ದುದನ್ನೇ ತಿಕ್ಕಿ ತೀಡಿ ಇಟ್ಟುಕೊಳ್ಳುತ್ತೇವೆ. ಹಾರ್ಲೆಯವರಿಗೂ ಇದೇ ಕಾಟ ಎಂದು ಕಾಣುತ್ತದೆ.

ಬುಲೆಟ್ ಭಕ್ತ

ಯೆಜ್ಡಿಯ ಮಾತು ಬಂದರೆ ಈ ಎಳೆ ಮುಂದಿನ ವರ್ಷದವರೆಗೆ ಮುಗಿಯುವುದಿಲ್ಲ. ಹಾರ್ಲೆಗೆ ಬನ್ನಿ ಸ್ವಾಮಿ.

ಲೆಕ್ಕದ ಪುಸ್ತಕ

ಸುಂಕದ ವಿಷಯ ಯಾರೂ ಎತ್ತಿಲ್ಲ, ಆಶ್ಚರ್ಯ. ಹೊರದೇಶದಲ್ಲಿ ಮಾರಾಟ ಕುಸಿದಾಗಲೆಲ್ಲ ಹಾರ್ಲೆಯ ಪರವಾಗಿ ಅಮೆರಿಕದ ರಾಜಕಾರಣಿಗಳು ಮೊದಲು ತೋರಿಸುವುದು ಸುಂಕವನ್ನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಭಾರತವನ್ನೇ ತೆಗೆದುಕೊಳ್ಳಿ. 2007ರಲ್ಲಿ ನಾವು ಅಮೆರಿಕಕ್ಕೆ ಮಾವು ಕಳಿಸುವುದು, ಅವರು ನಮಗೆ ಹಾರ್ಲೆ ಕಳಿಸುವುದು ಎಂಬ ಒಪ್ಪಂದವಾಯಿತು. ಹೊಗೆ ತಪಾಸಣೆಯ ನಿಯಮ ಸಡಿಲಿಸಿದೆವು. 2010ರಲ್ಲಿ ಹೈದರಾಬಾದಿನಲ್ಲಿ ಮೊದಲ ಶೋರೂಂ, 2011ರಿಂದ ಬಾವಲ್‌ನಲ್ಲಿ ಜೋಡಣೆ. ಪೂರ್ತಿ ಜೋಡಿಸಿ ತಂದ ದೊಡ್ಡ ಬೈಕುಗಳ ಮೇಲಿದ್ದ 75 ಪ್ರತಿಶತ ಸುಂಕವನ್ನು 2018ರ ಫೆಬ್ರುವರಿಯಲ್ಲಿ 50ಕ್ಕೆ ಇಳಿಸಿದರು. ಟ್ರಂಪ್ ಅದೂ ಸಾಲದೆಂದು ಬಹಿರಂಗವಾಗಿ ಗೊಣಗಿದರು. ಆದರೆ ಇಲ್ಲಿ ಕಂಪನಿಯ ಮುಖ್ಯ ಆಸರೆಯಾಗಿದ್ದ ಸ್ಟ್ರೀಟ್ 750 ಬಾವಲ್‌ನಲ್ಲೇ ತಯಾರಾಗುತ್ತಿತ್ತಲ್ಲ! ಅದಕ್ಕೂ ಆ ಆಮದು ಸುಂಕಕ್ಕೂ ಸಂಬಂಧವೇ ಇರಲಿಲ್ಲ. ಸುಂಕ ಇಳಿದ ಎರಡೂವರೆ ವರ್ಷಕ್ಕೆ, 2020ರ ಸೆಪ್ಟೆಂಬರ್‌ನಲ್ಲಿ, ಕಾರ್ಖಾನೆ ಮುಚ್ಚುವ ಘೋಷಣೆ ಬಂತು. 2025ರ ಬಜೆಟ್‌ನಲ್ಲಿ 1600 ಸಿಸಿ ದಾಟಿದ ಬೈಕುಗಳ ಸುಂಕವನ್ನು 30ಕ್ಕೆ ತಂದಿದ್ದಾರೆ. ಅದರಿಂದ ರೋಡ್ ಗ್ಲೈಡ್‌ನಂಥ ದೊಡ್ಡ ಹಾರ್ಲೆಗಳು ನಮ್ಮ ಬೀದಿಗಳಲ್ಲಿ ತುಂಬಿ ತುಳುಕುತ್ತವೆ ಎಂದು ನಂಬುವವರು ಕೈ ಎತ್ತಿ.

ಯುರೋಪಿನ ಕಥೆ ಬೇರೆ, ಅಲ್ಲಿ ಕಂಪನಿಯ ಅಳಲು ನ್ಯಾಯವಾದದ್ದು. 2018ರ ಜೂನ್‌ನಲ್ಲಿ ಟ್ರಂಪ್ ಉಕ್ಕಿನ ಮೇಲೆ ಸುಂಕ ಹಾಕಿದ್ದಕ್ಕೆ ಯುರೋಪಿನವರು ಸೇಡು ತೀರಿಸಿಕೊಳ್ಳಲು ಆರಿಸಿಕೊಂಡ ಸರಕುಗಳಲ್ಲಿ ಹಾರ್ಲೆಯೂ ಒಂದು. 6 ಪ್ರತಿಶತ ಇದ್ದದ್ದು ಒಂದೇ ಏಟಿಗೆ 31 ಆಯಿತು. ಬೈಕೊಂದಕ್ಕೆ ಸರಾಸರಿ 2,200 ಡಾಲರ್ ಹೊರೆ ಎಂದು ಕಂಪನಿಯೇ ಲೆಕ್ಕ ಕೊಟ್ಟಿತು. 2017ರಲ್ಲಿ ಯುರೋಪಿನಲ್ಲಿ ಹತ್ತಿರ ಹತ್ತಿರ 40,000 ಬೈಕು ಮಾರಿದ್ದ ಕಂಪನಿ ಅದು. ಅಮೆರಿಕ ಬಿಟ್ಟರೆ ಅದೇ ದೊಡ್ಡ ಮಾರುಕಟ್ಟೆ. ಯುರೋಪಿಗೆ ಬೇಕಾದ ಬೈಕುಗಳನ್ನು ಥಾಯ್ಲೆಂಡಿನಲ್ಲಿ ಮಾಡಿ ಕಳಿಸುತ್ತೇವೆ ಎಂದರು. ಹಾರ್ಲೆ ಅಮೆರಿಕದ್ದು ಎಂಬ ಒಂದೇ ಕಾರಣಕ್ಕೆ ಕೊಳ್ಳುವವರಿಗೆ ಅದನ್ನು ಥಾಯ್ಲೆಂಡಿನಿಂದ ಕಳಿಸಬೇಕಾಗಿ ಬಂತು. ಟ್ರಂಪ್ ಆಗಲೂ ಸಿಟ್ಟಾದರು, ಈ ಸಲ ಕಂಪನಿಯ ಮೇಲೆಯೇ. ಅತ್ತ ದರಿ, ಇತ್ತ ಪುಲಿ. 2021ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾಗುವವರೆಗೆ ಸುಂಕ 56ಕ್ಕೆ ಏರುವ ಕತ್ತಿ ತಲೆಯ ಮೇಲೆ ತೂಗುತ್ತಿತ್ತು.

ಸ್ಪ್ಯಾನರ್ ಹದಿನಾಲ್ಕು

ಸುಂಕದಿಂದ ಹಾರ್ಲೆಗೆ ಲಾಭವಾದದ್ದೂ ಉಂಟು. 1983ರಲ್ಲಿ ರೇಗನ್ ಸರ್ಕಾರ 700 ಸಿಸಿಗಿಂತ ದೊಡ್ಡ ಆಮದು ಬೈಕುಗಳ ಮೇಲೆ 45 ಪ್ರತಿಶತ ಹೆಚ್ಚುವರಿ ಸುಂಕ ಹಾಕಿತು. ಜಪಾನಿನವರು ಏನು ಮಾಡಿದರು ಗೊತ್ತೇ? 750 ಸಿಸಿ ಎಂಜಿನ್‌ನ ಬೋರ್ (ಸಿಲಿಂಡರಿನ ಅಗಲ) ಅಥವಾ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಕಡಿಮೆ ಮಾಡಿ 699 ಸಿಸಿಗೆ ಇಳಿಸಿ ಅಮೆರಿಕಕ್ಕೆ ಕಳಿಸಿದರು. ಹೊಸ ವಿನ್ಯಾಸ ಎಂದರೆ ಅದು. ನಿಯಮ ಬಂದ ವರ್ಷವೇ ಎಂಜಿನ್ ಬದಲು! ಹಾರ್ಲೆ ಆ ಬಿಡುವಿನಲ್ಲಿ ಅಲ್ಯೂಮಿನಿಯಂ ಸಿಲಿಂಡರಿನ ಎವಲ್ಯೂಷನ್ ಎಂಜಿನ್ ತಂದಿತು, ಎಣ್ಣೆ ಸೋರುವ ಅಪಕೀರ್ತಿ ತೊಳೆದುಕೊಂಡಿತು, 1987ರಲ್ಲಿ ತಾನಾಗಿಯೇ ಸುಂಕ ಸಾಕು ಎಂದಿತು. ಮೂರನೇ ಗೇರ್ ಅವರೇ, ನೋವಾ ಬಿಟ್ಟು ಎವಲ್ಯೂಷನ್ ಹಿಡಿದದ್ದರಿಂದಲೇ ಕಂಪನಿ ಉಳಿಯಿತು. ಇದ್ದ ಹಣದಲ್ಲಿ ಎರಡನ್ನೂ ಮಾಡಲು ಆಗುತ್ತಿರಲಿಲ್ಲ.

ವಿಸ್ಕಾನ್ಸಿನ್ ಕನ್ನಡಿಗ

ಮಿಲ್ವಾಕಿಗೆ ಕಾರಿನಲ್ಲಿ ಹೋಗಿಬರುವ ದೂರದಲ್ಲಿದ್ದೇನೆ, ಊರಿಂದ ಬಂದ ನೆಂಟರಿಗೆಲ್ಲ ಹಾರ್ಲೆ ಮ್ಯೂಸಿಯಂ ತೋರಿಸುವುದು ನನ್ನ ಪಾಲಿಗೆ ಬಂದ ಸೇವೆ. ಜನ ಗುಂಪುಗೂಡುವುದು ಎಲ್ಲಿ ಹೇಳಲೇ? 2011ರ ಸುನಾಮಿಯಲ್ಲಿ ಜಪಾನಿನಿಂದ ಕೊಚ್ಚಿಹೋಗಿ, ಮರುವರ್ಷ ಕೆನಡಾದ ದ್ವೀಪವೊಂದರ ದಡಕ್ಕೆ ಬಂದು ಬಿದ್ದ ನೈಟ್ ಟ್ರೈನ್ ಬೈಕಿನ ಮುಂದೆ. ಅಡಿಯಿಂದ ಮುಡಿಯವರೆಗೆ ತುಕ್ಕು, ಆದರೂ ಎಂಜಿನ್‌ನ ಆಕಾರ ನೋಡಿದರೆ ಯಾರ ಬೈಕು ಎಂದು ಮಕ್ಕಳೂ ಹೇಳುತ್ತವೆ. ಇದು ಆ ವಿನ್ಯಾಸದ ಶಕ್ತಿ. ಇದೇ ಅದರ ಸಂಕೋಲೆ ಕೂಡ.

ಇಲ್ಲಿ ವಾರಾಂತ್ಯದಲ್ಲಿ ಹಾರ್ಲೆ ಗುಂಪುಗಳು ಕಾಣುತ್ತವೆ. ಬಹುಪಾಲು ನರೆತ ಗಡ್ಡ. ಆಫೀಸಿನ ಹುಡುಗರಿಗೆ ಬೈಕಿನ ಖಯಾಲಿ ಇದ್ದರೂ ಯಮಹಾ, ಕೆಟಿಎಂ ಎನ್ನುತ್ತಾರೆ. ಒಬ್ಬನಿಗೆ ಕೇಳಿದೆ, "ಹಾರ್ಲೆ ಸ್ಪೋರ್ಟ್‌ಸ್ಟರ್ ಆಗುವುದಿಲ್ಲವೇ?" ಎಂದು. "ಅದು ನಮ್ಮಪ್ಪನ ಬೈಕು" ಎಂದ. ಅಪ್ಪನ ಹತ್ತಿರ ಸ್ಪೋರ್ಟ್‌ಸ್ಟರ್ ಇತ್ತೇ ಎಂದರೆ, ಇಲ್ಲ, ಬೈಕೇ ಇರಲಿಲ್ಲವಂತೆ!

ಘಾಟಿ ದಾರಿ

ಎಲ್ಲರೂ ಸತ್ತ ಬೈಕುಗಳ ತಿಥಿ ಮಾಡುತ್ತಿದ್ದೀರಿ, ಬದುಕಿರುವುದರ ಬಗ್ಗೆ ಹೇಳುತ್ತೇನೆ. ಹಾರ್ಲೆಯ ಸಾಹಸ ಪ್ರಯಾಣದ ಬೈಕು ಪ್ಯಾನ್ ಅಮೆರಿಕಾ ಓಡಿಸಿದ್ದೀರಾ? 2021ರಲ್ಲಿ ಬಂದದ್ದು. ಗೆಳೆಯನದು, ಚಾರ್ಮಾಡಿಯಲ್ಲಿ ನನ್ನ ಕೈಗೆ ಕೊಟ್ಟ. 1252 ಸಿಸಿ, 150 ಅಶ್ವಶಕ್ತಿ, ನೋಡಲು ಎಮ್ಮೆಯಂಥ ಗಾಡಿ. ನಾನು ಐದೂವರೆ ಅಡಿಯವನು, ಸೀಟು ನೋಡಿಯೇ ಬೆವರಿದ್ದೆ. ಕಡಿದಾದ ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಬ್ರೇಕ್ ಹಿಡಿದೆ. ಗಾಡಿ ನಿಲ್ಲುವಷ್ಟರಲ್ಲಿ ಸಸ್ಪೆನ್ಷನ್ ತಾನಾಗಿಯೇ ಕುಗ್ಗಿ ಸೀಟು ಕೆಳಗಿಳಿಯಿತು, ಕಾಲು ಆರಾಮವಾಗಿ ನೆಲಕ್ಕೆ ಸಿಕ್ಕಿತು. ಲಾರಿ ದಾಟಿತು, ಹೊರಟೆ, ಬೈಕು ಮತ್ತೆ ಮೇಲೆದ್ದಿತು. ಹೀಗೆ ಕುಗ್ಗುವ ಸಸ್ಪೆನ್ಷನ್ನನ್ನು ಈ ಬಗೆಯ ಬೈಕಿಗೆ ಕಾರ್ಖಾನೆಯಿಂದಲೇ ಹಾಕಿಕೊಟ್ಟವರಲ್ಲಿ ಹಾರ್ಲೆಯೇ ಮೊದಲು. ಎಂಜಿನ್ ವಾಲ್ವ್‌ಗಳ ಸಂದು (ಕ್ಲಿಯರೆನ್ಸ್) ಸರಿಮಾಡಿಸುವ ಕೆಲಸವೂ ಇಲ್ಲ, ಹೈಡ್ರಾಲಿಕ್ ವ್ಯವಸ್ಥೆ ತಾನೇ ನೋಡಿಕೊಳ್ಳುತ್ತದೆ.

ರೂಪ ಮಾತ್ರ ದೇವರಿಗೇ ಪ್ರೀತಿ. ಮುಂದಿನ ದೀಪ ನೋಡಿದರೆ ಗೋಡೆಗೆ ಹಾಕುವ ಏಸಿ ನೆನಪಾಗುತ್ತದೆ. ಆದರೂ ಹೊಸ ವಿನ್ಯಾಸ ಮಾಡಲು ಬರುವುದಿಲ್ಲ ಎನ್ನುವವರು ಒಂದು ಸಲ ಓಡಿಸಿ ನೋಡಿ.

ಮೂರನೇ ಗೇರ್

ಇದನ್ನೇ ನಾನೂ ಹೇಳುತ್ತಿರುವುದು. ಮಾಡಲು ಬರುತ್ತದೆ. 2018ರಲ್ಲಿ ಆಗಿನ ಮುಖ್ಯಸ್ಥ ಮ್ಯಾಟ್ ಲೆವಟಿಚ್ ದೊಡ್ಡ ಪಟ್ಟಿ ಓದಿದ್ದರು: ಪ್ಯಾನ್ ಅಮೆರಿಕಾ, ಬೀದಿಯಲ್ಲಿ ಓಡಿಸುವ ಬ್ರಾಂಕ್ಸ್, ಏಷ್ಯಾಕ್ಕೆ ಚಿಕ್ಕ ಬೈಕು, ವಿದ್ಯುತ್ ಬೈಕುಗಳು. 2020ರಲ್ಲಿ ಪೂಮಾ ಶೂ ಕಂಪನಿಯನ್ನು ನಡೆಸಿದ್ದ ಯೋಹೆನ್ ಟ್ಸೈಟ್ಸ್ ಬಂದರು, ಪಟ್ಟಿ ಹರಿಯಿತು, ಬ್ರಾಂಕ್ಸ್ ಹುಟ್ಟುವ ಮೊದಲೇ ಹೋಯಿತು. ಮತ್ತೆ ದೊಡ್ಡ ಟೂರಿಂಗ್ ಬೈಕು, ಮತ್ತೆ ಹೆಚ್ಚಿನ ಬೆಲೆ. 2025ರ ಅಕ್ಟೋಬರ್‌ನಲ್ಲಿ ಆರ್ಟಿ ಸ್ಟಾರ್ಸ್ ಬಂದಿದ್ದಾರೆ, ಅವರು ಬಂದದ್ದು ಗಾಲ್ಫ್ ಮನರಂಜನೆಯ ಕಂಪನಿಯಿಂದ. ಮುಖ್ಯಸ್ಥ ಬದಲಾದಾಗಲೆಲ್ಲ ದಾರಿ ಬದಲಾದರೆ, ನಾಲ್ಕೈದು ವರ್ಷ ಹಿಡಿಯುವ ಎಂಜಿನ್ ಕೆಲಸ ಯಾರ ನೆರಳಿನಲ್ಲಿ ನಡೆಯಬೇಕು?

ಲೆಕ್ಕದ ಪುಸ್ತಕ

ಮುಖ್ಯಸ್ಥರು ಬದಲಾದರೂ ಲೆಕ್ಕಪುಸ್ತಕ ಬದಲಾಗುವುದಿಲ್ಲ, ಅದೇ ತೊಂದರೆ. ಬೈಕು ಮಾಡಿ ಮಾರಿದ ಲಾಭಕ್ಕೂ, ಬೈಕು ಕೊಳ್ಳುವವರಿಗೆ ಸಾಲ ಕೊಟ್ಟ ಲಾಭಕ್ಕೂ 2024ರಲ್ಲಿ ಹೆಚ್ಚು ಅಂತರ ಇರಲಿಲ್ಲ. ಲೈವ್‌ವೈರ್ ಅದೇ ವರ್ಷ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ನುಂಗಿತು, ಮಾರಿದ ಬೈಕು ಏಳುನೂರು ದಾಟಲಿಲ್ಲ. ಡೀಲರನ ಜಾಗದಲ್ಲಿ ಕುಳಿತು ಯೋಚಿಸಿ. ದೊಡ್ಡ ಬೈಕು ಮಾರಿದರೆ ಅದರ ಹಿಂದೆ ಕ್ರೋಮ್ ಬಿಡಿಭಾಗ, ಜಾಕೆಟ್, ಸಾಲ, ಸರ್ವಿಸ್, ಎಲ್ಲದರಲ್ಲೂ ಪಾಲು. ಚಿಕ್ಕ ಬೈಕಿಗೂ ಅಷ್ಟೇ ಜಾಗ, ಅಷ್ಟೇ ಮಾತುಕತೆ, ಸಿಗುವುದು ಚಿಲ್ಲರೆ. ಅವನು ಹೊಸ ಗಿರಾಕಿಗೆ ಕುರ್ಚಿ ಹಾಕುವುದೇ ಅನುಮಾನ.

ಬುಲೆಟ್ ಭಕ್ತ

ಹಾಗಾದರೆ ಹಾರ್ಲೆ ಹೆಸರಿನ ಚಿಕ್ಕ ಬೈಕು ಎಕ್ಸ್440? ಅದು ಓಡುತ್ತಿದೆಯಲ್ಲ. 2023ರ ಜುಲೈನಲ್ಲಿ 2.29 ಲಕ್ಷಕ್ಕೆ ಬಿಟ್ಟರು, ಮೊದಲ ಸುತ್ತಿನಲ್ಲೇ 25,000ಕ್ಕೂ ಹೆಚ್ಚು ಬುಕಿಂಗ್. ನಾನೇ ಬುಲೆಟ್ ಬಿಟ್ಟು ಅದನ್ನು ತೆಗೆದುಕೊಳ್ಳುವ ಯೋಚನೆಯಲ್ಲಿದ್ದೆ. ಮನೆಯವರಿಗೆ ಹೇಳಬೇಡಿ.

ಸ್ಪ್ಯಾನರ್ ಹದಿನಾಲ್ಕು

ಅದನ್ನು ಕಟ್ಟುವುದು ಹೀರೋ, ಮಾರುವುದು ಹೀರೋ. ಒಂದೇ ಸಿಲಿಂಡರು, 27 ಅಶ್ವಶಕ್ತಿ, 38 ನ್ಯೂಟನ್ ಮೀಟರ್ ಟಾರ್ಕ್. ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಎಂಜಿನ್. ಚೀನಾದಲ್ಲಿ ಎಕ್ಸ್350 ಮತ್ತು ಎಕ್ಸ್500 ಅನ್ನು ಕಿಯಾನ್‌ಜಿಯಾಂಗ್ ಕಂಪನಿ ಮಾಡುತ್ತದೆ. ಮಿಲ್ವಾಕಿಯವರು ಹೆಸರು ಕೊಟ್ಟು ರಾಯಧನ ಪಡೆಯುತ್ತಾರೆ. ಜಾಣತನವೇ, ತಪ್ಪೇನಿಲ್ಲ. ಆದರೆ ಅದನ್ನು ಹಾರ್ಲೆ ಚಿಕ್ಕ ಬೈಕು ಮಾಡಲು ಕಲಿತದ್ದು ಎಂದು ಲೆಕ್ಕ ಹಾಕಬಾರದು. ಎಕ್ಸ್440 ಬಂದ ವಾರವೇ ಬಜಾಜ್ ಜೊತೆ ಇಂಗ್ಲೆಂಡಿನ ಟ್ರಯಂಫ್ ತಂದ ಸ್ಪೀಡ್ 400 ನೋಡಿ. ಅದರ ವಿನ್ಯಾಸವನ್ನು ಇಂಗ್ಲೆಂಡಿನವರೇ ಕೈಯಲ್ಲಿಟ್ಟುಕೊಂಡು, ತಯಾರಿಕೆಯನ್ನು ಮಾತ್ರ ಪುಣೆ ಹತ್ತಿರದ ಚಾಕಣದ ಬಜಾಜ್ ಕಾರ್ಖಾನೆಗೆ ಬಿಟ್ಟರು. ಈಗ ಅದೇ ಬೈಕು ಯುರೋಪಿನಲ್ಲೂ ಅಮೆರಿಕದಲ್ಲೂ ಟ್ರಯಂಫ್ ಶೋರೂಂಗಳಲ್ಲಿ ನಿಂತಿದೆ.

ವಿಸ್ಕಾನ್ಸಿನ್ ಕನ್ನಡಿಗ

ಚಿಕ್ಕ ಬೈಕಿನ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. 1960ರಲ್ಲಿ ಹಾರ್ಲೆ ಇಟಲಿಯ ವಾರೇಸೆಯ ಅಯೆರ್ಮಾಕ್ಕಿ ಕಂಪನಿಯ ಬೈಕು ವಿಭಾಗದಲ್ಲಿ ಅರ್ಧ ಪಾಲು ಕೊಂಡಿತು. ಅಲ್ಲಿಂದ ಬಂದ 250 ಸಿಸಿಯ ಬೈಕಿನ ಹೆಸರು ಸ್ಪ್ರಿಂಟ್. ಅದೇ ಕಾರ್ಖಾನೆಯ ಎರಡು ಸ್ಟ್ರೋಕಿನ ಬೈಕಿನಲ್ಲಿ ವಾಲ್ಟರ್ ವಿಲ್ಲಾ 1974, 75, 76, ಮೂರೂ ವರ್ಷ 250 ಸಿಸಿ ವಿಶ್ವ ಚಾಂಪಿಯನ್. ಹೌದು, ಹಾರ್ಲೆ ಡೇವಿಡ್‌ಸನ್ ಹೆಸರಿನಲ್ಲಿ! 1978ರಲ್ಲಿ ಆ ಕಾರ್ಖಾನೆಯನ್ನು ಕಾಸ್ಟಿಲಿಯೋನಿ ಮನೆತನಕ್ಕೆ ಮಾರಿದರು. ಮೂವತ್ತು ವರ್ಷ ಬಿಟ್ಟು, 2008ರಲ್ಲಿ, ಸುಮಾರು 10.9 ಕೋಟಿ ಡಾಲರ್ ಕೊಟ್ಟು ಇಟಲಿಯ ಬೈಕು ಕಂಪನಿ ಎಂವಿ ಅಗಸ್ಟಾ ಕೊಂಡರು. ಕೊಂಡದ್ದು ಅದೇ ಮನೆತನದಿಂದ, ಅದೇ ವಾರೇಸೆಯ ಕೆರೆ ದಂಡೆಯ ಹಳೆಯ ಅಯೆರ್ಮಾಕ್ಕಿ ಕಾರ್ಖಾನೆ ಸಮೇತ. 2010ರಲ್ಲಿ ಪುಡಿಗಾಸಿಗೆ ಅವರಿಗೇ ವಾಪಸು ಕೊಟ್ಟರು. ಅವರ ಮನೆಯಲ್ಲಿ ಹಾರ್ಲೆಯ ಫೋಟೋ ಇಟ್ಟು ಪೂಜೆ ಮಾಡುತ್ತಿದ್ದರೂ ಆಶ್ಚರ್ಯವಿಲ್ಲ.

ಯಾದವಗಿರಿ

ಆ ಸ್ಪ್ರಿಂಟ್ ಹೆಸರು ಮತ್ತೆ ಬರುತ್ತಿದೆಯಲ್ಲವೇ?

ಮೂರನೇ ಗೇರ್

ಬರುತ್ತಿದೆ. 2025ರ ಜುಲೈನಲ್ಲಿ ಕಂಪನಿಯೇ ಹೇಳಿತು: 6,000 ಡಾಲರ್ ಒಳಗಿನ ಹೊಸ ಬೈಕು, ಹೆಸರು ಸ್ಪ್ರಿಂಟ್, 2026ಕ್ಕೆ. ಹೇಳಿದ ಟ್ಸೈಟ್ಸ್ ಈಗ ಮುಖ್ಯಸ್ಥರಲ್ಲ, ಮಾಡಬೇಕಾದವರು ಸ್ಟಾರ್ಸ್. ಬೈಕು ಚೆನ್ನಾಗಿಯೇ ಇರುತ್ತದೆ ಎಂದು ನನಗೆ ನಂಬಿಕೆ ಇದೆ. ಮೊದಲ ಎರಡು ವರ್ಷ ಮಾರಾಟ ಮಂದವಾದರೆ ಆಮೇಲೆ ಏನು ಮಾಡುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಲೆಕ್ಕದ ಪುಸ್ತಕ

ಅದಕ್ಕೆ ಉತ್ತರ ಮಿಲ್ವಾಕಿಯಲ್ಲಿ ಸಿಗುವುದಿಲ್ಲ, ಡೀಲರನ ಹತ್ತಿರ ಸಿಗುತ್ತದೆ. ಒಂದು ಸ್ಪ್ರಿಂಟ್ ಮಾರಿದರೆ ಅವನಿಗೆ ಉಳಿಯುವುದೆಷ್ಟು ಎಂದು ಮೊದಲು ಹೇಳಲಿ. ಬೈಕು ಎಷ್ಟು ದಿನ ಬದುಕುತ್ತದೆ ಎಂದು ನಾನು ಹೇಳುತ್ತೇನೆ.